ಆಯಿಯ ಕಲ್ಲು, ಆಯಿಯ ಸುತ್ತು

ಬೀಳಗಿ
೧೦ ಜನವರಿ ೨೦೨೪

ಅಕ್ಕಾ,

ನಮಸ್ಕಾರ. ಹಿರಿಯರಿಗೆ ನಮಸ್ಕಾರ ಬರೆಯದೆ ಕಾಗದ ಸುರು ಮಾಡಬಾರದೆಂದು ನಮ್ಮಿಬ್ಬರನ್ನು ಹಡೆದ ಆಯಿ ಕಲಿಸಿದ್ದಾಳೆ, ಅದಕ್ಕೆ ಬರೆದೆ. ಬೇರೇನೂ ತಿಳಿದುಕೊಳ್ಳಬೇಡ.

ಫೋನು ಇರುವಾಗ ಈ ಕಾಗದ ಯಾಕೆ ಎಂದು ನಗುತ್ತಿರಬಹುದು. ಆರು ವರ್ಷದ ಹಿಂದೆ, ಆಯಿ ತೀರಿಕೊಂಡ ಹದಿಮೂರನೆಯ ದಿನ ಜಮಖಂಡಿಯಲ್ಲಿ ನಿನ್ನ ಹೊಸ್ತಿಲ ಮೇಲೆ ನಿಂತು, ಇನ್ನು ನಿನ್ನ ಜೊತೆ ಒಂದು ಮಾತೂ ಆಡುವುದಿಲ್ಲ ಎಂದು ಆಣೆ ಮಾಡಿದೆ. ಬರೆಯುವುದಿಲ್ಲ ಎಂದು ಆಣೆ ಮಾಡಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಪೂರ್ವಾ ಹಡೆದಿದ್ದಾಳೆ. ಹೆಣ್ಣು ಕೂಸು, ಹದಿಮೂರು ದಿನವಾಯಿತು. ತಾಯಿ ಕೂಸು ಇಬ್ಬರೂ ನನ್ನ ಮನೆಯಲ್ಲೇ ಇದ್ದಾರೆ. ತಿಂಗಳು ತುಂಬಿದ ಮೇಲೆ ಕೂಸಿಗೆ ಗುಟ್ಟಿ ಸುರು ಮಾಡಬೇಕು. ಅದಕ್ಕೆ ಆಯಿಯ ಸಾಣೆಕಲ್ಲು ಬೇಕು. ನಮ್ಮಿಬ್ಬರಿಗೂ, ನಿನ್ನ ಸಂಜಯನಿಗೂ, ನನ್ನ ಪೂರ್ವಾಗೂ ಬಜೆ, ಅಳಲೆಕಾಯಿ, ಜಾಯಿಕಾಯಿ ಎಲ್ಲ ಅದೇ ಕಲ್ಲಿನ ಮೇಲೆ ತೇಯ್ದು ಎದೆಹಾಲಿನಲ್ಲಿ ಕಲಸಿ ನೆಕ್ಕಿಸಿದ್ದಾರೆ. ಅಂಗಡಿಯ ಬಾಟಲಿ ಔಷಧಿ ನನ್ನ ಮೊಮ್ಮಗಳ ಹೊಟ್ಟೆಗೆ ಬೇಡ. ಎಂಟು ದಾಣೆ ಬೇರು ಕಾಯಿಯಲ್ಲಿ ಒಂದು ವರ್ಷ ಮುಗಿಯುವ ಔಷಧಿ ಅದು.

ಪೂರ್ವಾ ಮುಖ ತಿರುಗಿಸುತ್ತಾಳೆ. "ಅಮ್ಮಾ, ಡಾಕ್ಟರು ಆರು ತಿಂಗಳ ತನಕಾ ಹಾಲು ಬಿಟ್ಟು ಏನೂ ಕೊಡಬ್ಯಾಡ್ರಿ ಅಂದಾರ" ಅನ್ನುತ್ತಾಳೆ. "ನಿನಗೂ ನೆಕ್ಕಿಸೀನಿ, ಏನಾಗೇದ ನಿನಗ?" ಅಂದೆ.

ಕಲ್ಲು ಕಳಿಸು. ವರ್ಷ ತುಂಬಿದ ಮೇಲೆ ತಿರುಗಿ ಕೊಡುತ್ತೇನೆ. ನಿನ್ನದನ್ನು ಇಟ್ಟುಕೊಳ್ಳುವ ಚಟ ನನಗಿಲ್ಲ.

ಕೇತಕಿ


ಜಮಖಂಡಿ
೧೬ ಜನವರಿ ೨೦೨೪

ಕೇತಕಿಗೆ ಆಶೀರ್ವಾದ.

ಕೂಸಿಗೂ ಪೂರ್ವಾಗೂ ಒಳ್ಳೆಯದಾಗಲಿ. ಮೊಮ್ಮಗಳು ಹುಟ್ಟಿದ ಸುದ್ದಿ ಪೂರ್ವಾಳ ಸ್ವಂತ ದೊಡ್ಡ ಮಾವಶಿಗೆ, ಅಮ್ಮನ ಅಕ್ಕನಿಗೆ, ಒಂದು ಕಲ್ಲು ಕೇಳುವ ಕಾಗದದಲ್ಲಿ ತಿಳಿಯಬೇಕು ನೋಡು. ಮೂವತ್ತೆರಡು ವರ್ಷ ಸಾಲಿಯಲ್ಲಿ ಮಕ್ಕಳಿಗೆ ಪತ್ರಲೇಖನ ಕಲಿಸಿದ್ದೇನೆ, ಇಂಥ ಪತ್ರ ಕಂಡಿರಲಿಲ್ಲ.

ಕಲ್ಲು ನನ್ನ ಹತ್ತಿರ ಇದೆ. ತೇಯುವ ಸುತ್ತು ಬರೆದಿಟ್ಟ ವಹಿ ನಿನ್ನ ಹತ್ತಿರ ಇದೆ. ಬಜೆ ಎಷ್ಟು ಸುತ್ತು, ಅಳಲೆ ಎಷ್ಟು ಸುತ್ತು, ಯಾವ ತಿಂಗಳಿಗೆ ಯಾವುದು ಹೆಚ್ಚು ಎಂದು ಆಯಿ ತನ್ನ ಕೈಯಾರೆ ಬರೆದ ವಹಿ. ನಾಲ್ಕು ವರ್ಷ ಅವಳ ಮಲಮೂತ್ರ ಬಳಿದವಳು ನಾನು. ನೀನು ದೀಪಾವಳಿಗೆ ಎರಡು ದಿನ ಬಂದು ಶೇವು ಚಕ್ಕುಲಿ ತಿಂದು ಹೋದವಳು. ಒಂದು ಸಲ ಹೀಗೆ ನೀನು ಹೋಗುವಾಗ ಆಯಿ ವಹಿಯನ್ನು ನಿನ್ನ ಚೀಲದಲ್ಲಿ ಹಾಕಿದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಅಂದಿನಿಂದ ಇಂದಿನವರೆಗೆ ಆ ನೋಟ ನನ್ನ ಕಣ್ಣಿನಿಂದ ಹೋಗಿಲ್ಲ.

ಮೊದಲು ವಹಿಯ ನಕಲು ಕಳಿಸು. ಆಮೇಲೆ ಕಲ್ಲಿನ ಮಾತು.

ಶುಭದಾ

ತಾ.ಕ.: ಆಯಿ ತೀರಿಕೊಂಡ ಸುದ್ದಿಯನ್ನು ನಾನು ನಿನಗೆ ತಡಮಾಡಿ ಹೇಳಿದೆ ಎಂದು ನೀನು ಊರೆಲ್ಲ ಹೇಳಿಕೊಂಡು ಬಂದೆ. ಮೂರು ಸಲ ಫೋನು ಮಾಡಿದ್ದೆ. ನೀನು ಎತ್ತಲಿಲ್ಲ. ಇದನ್ನು ಹೇಳಲು ಆರು ವರ್ಷ ಜಾಗ ಸಿಕ್ಕಿರಲಿಲ್ಲ, ಈಗ ಸಿಕ್ಕಿತು.


ಬೀಳಗಿ
೨೧ ಜನವರಿ ೨೦೨೪

ಅಕ್ಕಾ,

ವಹಿಯ ನಕಲು ಕಳಿಸುವುದಿಲ್ಲ. ಆಯಿ ನನಗೆ ಕೊಟ್ಟಳು, ಯಾಕೆ ಕೊಟ್ಟಳೆಂದು ಅವಳನ್ನೇ ಕೇಳಬೇಕಿತ್ತು. ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೆಯಲ್ಲ, ಬಾಯಿ ಇರಲಿಲ್ಲವೇ?

ನಿನ್ನ ಕೈಗೆ ವಹಿ ಸಿಕ್ಕರೆ ಏನಾಗುತ್ತದೆಂದು ನನಗೆ ಗೊತ್ತಾಗಿದೆ. ನಮ್ಮ ಕೂಸನ್ನು ಎರೆಯಲು ಬರುವ ಲಕ್ಷ್ಮವ್ವನ ಅಕ್ಕ ಬನಹಟ್ಟಿಯಲ್ಲಿದ್ದಾಳೆ, ನೇಕಾರರ ಮನೆ. ಮೊನ್ನೆ ಕೂಸಿಗೆ ಎಣ್ಣೆ ತಿಕ್ಕುತ್ತ ಲಕ್ಷ್ಮವ್ವ ತಾನಾಗಿಯೇ ಹೇಳಿದಳು: "ಜಮಖಂಡ್ಯಾಗ ಒಬ್ಬ ಅಕ್ಕಾರು ಮೊಣಕಾಲಿಗೆ ಲೇಪ ಮಾಡಿ ಕೊಡತಾರಂತ್ರೀ. ಹತ್ತ ರೂಪಾಯಕ್ಕ ಒಂದ ಡಬ್ಬಿ. ಬನಹಟ್ಟಿ ಮಗ್ಗದಾವ್ರೆಲ್ಲಾ ಅಲ್ಲೇ ಒಯ್ಯಾಕ ಹೋಗ್ತಾರ. ಬಿಳಿ ಸಾಣಿಕಲ್ಲಿನ ಮ್ಯಾಲ ತೇಯ್ತಾರಂತ, ನಮ್ಮಕ್ಕ ಕಣ್ಣಾರೆ ನೋಡ್ಯಾಳ."

ಬಿಳಿ ಸಾಣೆಕಲ್ಲು ಜಮಖಂಡಿಯಲ್ಲಿ ಎಷ್ಟು ಮನೆಯಲ್ಲಿದೆ ಅಕ್ಕಾ? ಕೂಸುಗಳ ಬಾಯಿಗೆ ಹೋಗುವುದನ್ನು ಬಿಟ್ಟು ಬೇರೇನೂ ಆ ಕಲ್ಲನ್ನು ಮುಟ್ಟಬಾರದೆಂದು ಆಯಿ ಅದನ್ನು ದೇವರ ಜಗುಲಿಯ ಕೆಳಗೆ ಇಡುತ್ತಿದ್ದಳು. ಅದರ ಮೇಲೆ ನೀನು ಬೆಳ್ಳುಳ್ಳಿ, ಲಕ್ಕಿ ಸೊಪ್ಪು, ಎಕ್ಕೆಯ ಹಾಲು ಅರೆಯುತ್ತೀಯಾ? ಊರವರ ಮೊಣಕಾಲು ನೋವಿಗೆ ಆಯಿಯ ಕಲ್ಲು ಹಾಳು ಮಾಡಿ ಪುಣ್ಯವಂತೆ ಅನ್ನಿಸಿಕೊಳ್ಳುತ್ತೀಯಾ? ಇಲ್ಲ ಅಂದರೆ ಇಲ್ಲ ಎಂದು ಬರೆ. ಹೌದು ಅಂದರೆ ಆ ಕಲ್ಲು ನಿನಗೇ ಇರಲಿ, ನನ್ನ ಕೂಸಿಗೆ ಬೇಡ.

ಕೇತಕಿ


ಜಮಖಂಡಿ
೨೯ ಜನವರಿ ೨೦೨೪

ಕೇತಕಿಗೆ,

ಎರೆಯುವವಳ ಅಕ್ಕನ ಮಾತು ಕೇಳಿ ಒಡಹುಟ್ಟಿದ ಅಕ್ಕನಿಗೆ ಪಂಚಾಯ್ತಿ ಕೂಡಿಸಿದ್ದೀಯ. ಹೌದು, ಲೇಪ ಮಾಡುತ್ತೇನೆ. ಬೆಳಗಿನಿಂದ ಸಂಜೆಯ ತನಕ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಮಗ್ಗ ತುಳಿಯುವವರು ಬರುತ್ತಾರೆ. ಇಂಜೆಕ್ಷನ್ನಿಗೆ ಕೊಡಲು ಅವರ ಹತ್ತಿರ ರೊಕ್ಕ ಇರುವುದಿಲ್ಲ. ಕಷಾಯದ ಪುಡಿಯನ್ನೂ ಮಾಡಿಕೊಡುತ್ತೇನೆ. ಅದಕ್ಕೆ ಬೇರೆ ಕಲ್ಲಿದೆ. ಆಯಿಯ ಕಲ್ಲನ್ನು ಅವಳು ಹೋದ ಮೇಲೆ ಯಾರೂ ಮುಟ್ಟಿಲ್ಲ. ಆಯಿಯ ಆಣೆಗೂ ಮುಟ್ಟಿಲ್ಲ. ಹಳದಿ ವಸ್ತ್ರದಲ್ಲಿ ಸುತ್ತಿ ಜಗುಲಿಯ ಕೆಳಗೇ ಇತ್ತು.

ನಿನ್ನ ಬಾಯಿ ಮುಚ್ಚಲೆಂದೇ ಕಲ್ಲು ಕಳಿಸುತ್ತಿದ್ದೇನೆ. ಅಂದಾನೆಪ್ಪನ ಕೈಯಲ್ಲಿ ಕೊಟ್ಟಿದ್ದೇನೆ. ನಮ್ಮ ಓಣಿಯವನು, ಬಾಡಗಂಡಿಯ ಸಕ್ಕರೆ ಕಾರ್ಖಾನೆಗೆ ಪಾಳಿಗೆ ಹೋಗುತ್ತಾನೆ, ಬೀಳಗಿಯಲ್ಲಿ ಇಳಿದು ನಿನ್ನ ಮನೆಗೆ ಮುಟ್ಟಿಸುತ್ತಾನೆ. ನೀನೇ ನಿನ್ನ ಕಣ್ಣಿನಿಂದ ನೋಡಿಕೋ, ಮೂಸಿ ನೋಡಿಕೋ. ಒಂದು ಕಲೆ ಕಂಡರೆ ನನಗೆ ಕಾಗದ ಬರೆ.

ವಹಿ ನಿನ್ನ ಪೆಟ್ಟಿಗೆಯಲ್ಲೇ ಇಟ್ಟುಕೋ. ನಾನು ಇನ್ನು ಕೇಳುವುದಿಲ್ಲ.

ಶುಭದಾ


ಬೀಳಗಿ
೨ ಫೆಬ್ರವರಿ ೨೦೨೪, ಬೆಳಿಗ್ಗೆ

ಅಕ್ಕಾ,

ಕಲ್ಲು ಮುಟ್ಟಿತು. ಮೂಸಿ ನೋಡಿದೆ, ನೀನೇ ಹೇಳಿದ್ದೀಯಲ್ಲ. ವಾಸನೆ ಇಲ್ಲ, ಕಲೆಯೂ ಇಲ್ಲ. ಲಕ್ಷ್ಮವ್ವನ ಅಕ್ಕನಿಗೆ ಕಣ್ಣು ಮಂದ ಇರಬೇಕು. ಅಷ್ಟರ ಮಟ್ಟಿಗೆ ನನ್ನ ಮಾತು ವಾಪಸು.

ನಿನ್ನೆ ಮುಂಜಾನೆ ಕೂಸನ್ನು ಎರೆದ ಮೇಲೆ ಗುಟ್ಟಿ ಸುರು ಮಾಡಿದೆ. ಆಯಿ ಬರೆದ ಹಾಗೆಯೇ, ಬಜೆ ಮೂರು ಸುತ್ತು, ಅಳಲೆ ಎರಡು, ಜಾಯಿಕಾಯಿ ನಾಲ್ಕು. ಕಲ್ಲು ಈಗ ಎಷ್ಟು ಚೆನ್ನಾಗಿ ಹಿಡಿಯುತ್ತದೆ ಗೊತ್ತೇ? ಚಿಕ್ಕಂದಿನಲ್ಲಿ ನೋಡಿದಾಗ ಕನ್ನಡಿಯಂತೆ ಜಾರುತ್ತಿತ್ತು. ಆರು ವರ್ಷ ಕೈ ತಾಗದೆ ಒರಟಾಗಿದೆ. ಒಂದು ಸುತ್ತು ತಿರುವಿದರೆ ಸಾಕು, ಜಾಯಿಕಾಯಿ ಗಂಧದ ಹಾಗೆ ಬರುತ್ತದೆ. ಆಯಿಯ ಕಾಲದಲ್ಲಿ ನೀರಿನಂತೆ ಇರುತ್ತಿತ್ತು. ಮುಟ್ಟದೆ ಇಟ್ಟದ್ದಕ್ಕೆ ಇದೊಂದು ಲಾಭವಾಯಿತು.

ರಾತ್ರಿ ಎಲ್ಲ ಅಳುತ್ತಿದ್ದ ಕೂಸು ನಿನ್ನೆ ತೆಪ್ಪಗೆ ಮಲಗಿತು. ಓಣಿಯಲ್ಲಿ ಎಲ್ಲರಿಗೂ ಹೇಳಿದೆ, ನಮ್ಮ ಆಯಿಯ ಗುಟ್ಟಿ ನೋಡ್ರಿ ಎಂದು. ಪೂರ್ವಾಗೆ ಮಾತ್ರ ಸಮಾಧಾನವಿಲ್ಲ. "ಭಾಳ ಮಲಗೇದ ಅಮ್ಮಾ, ಇವತ್ತ ಕೊಡಬ್ಯಾಡ" ಅನ್ನುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಜಾತಿ ಅವಳದು.

ಆಯಿ ನನಗೆ ವಹಿ ಯಾಕೆ ಕೊಟ್ಟಳೆಂದು ಈಗ ನಿನಗೂ ಗೊತ್ತಾಗಿರಬೇಕು.

ಕೇತಕಿ


ಬೀಳಗಿ
೧೪ ಫೆಬ್ರವರಿ ೨೦೨೪

ಶುಭದಾಬಾಯಿಯವರಿಗೆ,

ಅಕ್ಕ ಎಂದು ಬರೆಯಲು ಕೈ ಬರುವುದಿಲ್ಲ.

ಆ ಕಾಗದ ಡಬ್ಬಿಗೆ ಹಾಕಿದ ದಿನವೇ ಮಧ್ಯಾಹ್ನ ನನ್ನ ಮೊಮ್ಮಗಳು ಎಚ್ಚರ ತಪ್ಪಿದಳು. ಹಾಲಿಗೆ ಏಳಲಿಲ್ಲ. ಒದ್ದೆ ಮಾಡಿಕೊಂಡರೂ ಏಳಲಿಲ್ಲ. ಲಕ್ಷ್ಮವ್ವ ಪಾದವನ್ನು ಚಿವುಟಿದಳು. "ಅಕ್ಕಾರ, ಕೂಸು ಕಣ್ಣ ತಗೀವಲ್ದು. ಚೂಟಿದ್ರೂ ಅಳವಲ್ದು" ಎಂದು ಅವಳು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಬಾಗಲಕೋಟೆಗೆ ಕಾರಿನಲ್ಲಿ ಒಯ್ದೆವು. ದಾರಿಯುದ್ದಕ್ಕೂ ಪೂರ್ವಾ ಕೂಸಿನ ಮೂಗಿಗೆ ಬೆರಳು ಹಿಡಿದು ಕೂತಿದ್ದಳು, ಉಸಿರು ಇದೆಯೋ ಇಲ್ಲವೋ ನೋಡುತ್ತ. ಎರಡು ದಿನ ಅಲ್ಲೇ ಇಟ್ಟುಕೊಂಡರು. ಡಾಕ್ಟರು ನನ್ನ ಮುಖ ನೋಡಿ, "ಏನೇನ್ ಕೊಟ್ಟೀರಿ ಖರೇ ಹೇಳ್ರಿ" ಎಂದು ಎಲ್ಲರ ಮುಂದೆ ಕೇಳಿದರು. ಒಂದೇ ಸಲ ಕೊಟ್ಟದ್ದು, ಹಿಂದಿನ ದಿನ ಕೊಟ್ಟದ್ದು, ಎಂದೆ.

ಕೂಸು ಬದುಕಿತು. ನಿನಗೆ ಹೇಳಬೇಕಾದ್ದು ಅದಲ್ಲ. ಆಸ್ಪತ್ರೆಯಿಂದಲೇ ಪೂರ್ವಾ ಗಂಡನ ಮನೆಗೆ, ಬೆಳಗಾವಿಗೆ ಹೋದಳು. ಬಾಣಂತನ ಅರ್ಧಕ್ಕೆ ಬಿಟ್ಟು. "ಅಮ್ಮಾ, ನಿನ್ನ ಕೈಯಾಗ ನನ್ನ ಕೂಸು ಇನ್ನ ಕೊಡೂದಿಲ್ಲ" ಎಂದಳು. ತೊಟ್ಟಿಲು ನನ್ನ ನಡುಮನೆಯಲ್ಲಿ ಖಾಲಿ ತೂಗುತ್ತಿದೆ.

ಆ ಕಲ್ಲಿನಲ್ಲಿ ಏನಿತ್ತು? ಎಕ್ಕೆಯ ಹಾಲೇ? ತೊಳೆದು ಒಣಗಿಸಿ ವಾಸನೆ ಹೋಗುವ ಹಾಗೆ ಮಾಡಿ ಕಳಿಸಿದೆಯಾ? ಕಲ್ಲು ಕುಡಿದದ್ದು ಕಲ್ಲಿನಲ್ಲೇ ಇರುತ್ತದೆ. ವಹಿ ಸಿಗಲಿಲ್ಲವೆಂಬ ಸಿಟ್ಟಿಗೆ ಕೂಸಿನ ಮೇಲೆ ಹಗೆ ತೀರಿಸಿಕೊಂಡೆಯಾ? ಉತ್ತರ ಬೇಕು.

ಕೇತಕಿ


ಜಮಖಂಡಿ
೧೯ ಫೆಬ್ರವರಿ ೨೦೨೪

ಕೇತಕಿಗೆ,

ಕೂಸು ಉಳಿಯಿತು ಎಂದು ಓದಿ ಮೇಲಿನ ದೇವರಿಗೆ ಕೈಮುಗಿದೆ.

ಕಲ್ಲಿನಲ್ಲಿ ಏನೂ ಇರಲಿಲ್ಲ. ಎಕ್ಕೆಯ ಹಾಲು ಎಂದೂ ಅದಕ್ಕೆ ತಾಗಿಲ್ಲ, ಲೇಪಕ್ಕೆ ನಾನು ಅದನ್ನು ಹಾಕುವುದೇ ಇಲ್ಲ. ಜಾಯಿಕಾಯಿ ನಿದ್ದೆ ತರುತ್ತದೆಂದು ಹಳ್ಳಿಯ ದಡ್ಡ ಮುದುಕಿಗೂ ಗೊತ್ತು. ತೇಯ್ದವಳು ನೀನು, ಸುತ್ತು ಎಣಿಸಿದವಳು ನೀನು, ಡಾಕ್ಟರ ಮಾತು ಮೀರಿದವಳು ನೀನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇಲ್ಲ.

ಶುಭದಾ


ಬೀಳಗಿ
೫ ಮಾರ್ಚ್ ೨೦೨೪

ಶುಭದಾಬಾಯಿಯವರಿಗೆ,

ಸಾಲಿಯಲ್ಲಿ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕು ಎಂದು ಕಲಿಸಿದ ಬಾಯಿಯವರೇ, ಕೇಳಿರಿ.

ನಿನ್ನೆ ನಮ್ಮ ಓಣಿಗೆ ಕಲ್ಲು ಕಟೆಯುವವನು ಬಂದಿದ್ದ. ಮುದಕಪ್ಪ ಎಂದು ಹೆಸರು. ಮುಧೋಳ, ಜಮಖಂಡಿ, ರಬಕವಿ, ಬೀಳಗಿ ಎಂದು ಊರೂರು ತಿರುಗಿ, ಸವೆದ ಬೀಸುಕಲ್ಲು ಒರಳುಗಳಿಗೆ ಉಳಿ ಹೊಡೆದು ಮತ್ತೆ ಒರಟು ಮಾಡಿಕೊಡುವವನು. ನಾನು ಒರಳಿಗೆ ಉಳಿ ಹೊಡೆಸುತ್ತಿದ್ದೆ. ಆಯಿಯ ಕಲ್ಲನ್ನು ಮನೆಯೊಳಗೆ ಇಡಲು ಮನಸ್ಸಾಗದೆ ತುಳಸಿಕಟ್ಟೆಯ ಹತ್ತಿರ ಎಸೆದಿದ್ದೆ. ಅವನು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

"ಈ ಕಲ್ಲು ಇಲ್ಲಿಗೆ ಹೆಂಗ ಬಂತ್ರೀ ಅವ್ವಾರ? ಜಮಖಂಡ್ಯಾಗ ಒಬ್ಬ ಅಕ್ಕಾರ ಮನ್ಯಾಗ ನಾನ ಇದಕ್ಕ ಉಳಿ ಹೊಡದೇನಿ, ಸಂಕ್ರಮಣ ಆಗಿ ಹತ್ತ ದಿನಕ್ಕ. ಈ ಮೂಲಿ ಮುಕ್ಕಾಗೈತಿ ನೋಡ್ರೀ, ಅದಕ್ಕ ಗುರ್ತು ಸಿಕ್ತು."

"ಯಾಕ ಹೊಡಿಸಿದ್ರು?" ಅಂದೆ.

"ಹಳದಿ ಕಲಿ ಹತ್ತಿತ್ರೀ, ಬಳ್ಳೊಳ್ಳಿ ವಾಸ್ನಿ ಬರ್ತಿತ್ತು. ಮ್ಯಾಲಿನ ಪದರ ಎಲ್ಲಾ ತಗದ್ಬಿಡು ಮುದಕಪ್ಪ, ಯಾರಿಗೂ ಗೊತ್ತಾಗಬಾರ್ದು ಅಂದ್ರು."

ಆಯಿಯ ಆಣೆಗೂ ಯಾರೂ ಮುಟ್ಟಿಲ್ಲ ಎಂದು ಬರೆದ ಕಾಗದ ನನ್ನ ಹತ್ತಿರ ಇದೆ. ತೆಗೆದು ಮತ್ತೆ ಓದಿದೆ. ನಿನ್ನ ಅಕ್ಷರ ಎಷ್ಟು ದುಂಡಗಿವೆ.

ನಾಲ್ಕು ತಲೆಮಾರು ತೇಯ್ದು ಕನ್ನಡಿಯಾಗಿದ್ದ ಕಲ್ಲು ಅದು. ಆಯಿ ವಹಿಯಲ್ಲಿ ಬರೆದದ್ದು ಆ ಕಲ್ಲಿಗೆ ಜಾಯಿಕಾಯಿ ನಾಲ್ಕು ಸುತ್ತು. ಉಳಿ ಹೊಡೆದ ಕಲ್ಲಿಗೆ ನಾಲ್ಕು ಸುತ್ತು ಅಂದರೆ ಎಷ್ಟಾಯಿತು? ನೀನೇ ಲೆಕ್ಕ ಮಾಡು, ಮಾಸ್ತರ್ತಿ ನೀನು. ಉಳಿ ಹೊಡೆಸಿದ್ದೇನೆ ಎಂದು ಒಂದು ಸಾಲು ಬರೆದಿದ್ದರೆ ನಾನು ಒಂದೇ ಸುತ್ತು ಹಾಕುತ್ತಿದ್ದೆ.

ಈಗ ನಾನು ಕೇಳುವುದು ಒಂದೇ. ಪೂರ್ವಾಗೆ ನೀನೇ ಬರೆ. ಮಾಡಿದ್ದನ್ನೆಲ್ಲ ಬಿಡಿಸಿ ಬರೆ. ಅವಳು ನನ್ನ ಫೋನು ಎತ್ತುವುದಿಲ್ಲ. ಅಮ್ಮನ ಕೈ ತಪ್ಪಿಲ್ಲ ಎಂದು ಅವಳಿಗೆ ತಿಳಿಯದಿದ್ದರೆ ನನ್ನ ಮೊಮ್ಮಗಳು ನನ್ನ ತೊಡೆಗೆ ಬರುವುದಿಲ್ಲ. ನೀನು ಬರೆಯದಿದ್ದರೆ ಮುದಕಪ್ಪನನ್ನು ಕರೆದುಕೊಂಡು ಬಂದು ನಿನ್ನ ಲೇಪದ ಗಿರಾಕಿಗಳ ಮುಂದೆ ನಿಲ್ಲಿಸುತ್ತೇನೆ.

ಕೇತಕಿ


ಜಮಖಂಡಿ
೨೪ ಮಾರ್ಚ್ ೨೦೨೪

ಕೇತಕಿಗೆ,

ನಿನ್ನ ಬೆದರಿಕೆಗೆ ಹೆದರಿ ಬರೆಯುತ್ತಿದ್ದೇನೆ ಅಂದುಕೊಂಡರೆ ಅಂದುಕೋ. ಪೂರ್ವಾಗೆ ಇವತ್ತೇ ಬರೆದು ಹಾಕಿದ್ದೇನೆ. ನಕಲು ಕೆಳಗಿದೆ. ನೀನು ನಂಬುವುದಿಲ್ಲವೆಂದು ಅವಳಿಗೆ ಫೋನು ಮಾಡಿಯೂ ಹೇಳಿದ್ದೇನೆ.

"ಚಿ. ಪೂರ್ವಾಗೆ ಮಾವಶಿಯ ಆಶೀರ್ವಾದ. ನಿನ್ನ ಕೂಸಿಗೆ ಆದದ್ದಕ್ಕೆ ಕಾರಣ ನಾನು. ನಿಮ್ಮ ಅಜ್ಜಿಯ ಕಲ್ಲಿನ ಮೇಲೆ ನಾನು ಆರು ವರ್ಷದಿಂದ ಮೊಣಕಾಲಿನ ಲೇಪ ತೇಯುತ್ತಿದ್ದೆ. ಬೇರೆ ಕಲ್ಲಿನ ಮೇಲೆ ತೇಯ್ದರೆ ಅಜ್ಜಿಯ ಕೈಗುಣ ಬರುವುದಿಲ್ಲ ಎಂಬ ನಂಬಿಗೆ. ನಿನ್ನ ಅಮ್ಮ ಕೇಳಿದಾಗ ನಾಚಿಕೆಯಾಯಿತು. ಕಲೆ ಕಾಣದಿರಲಿ ಎಂದು ಉಳಿ ಹೊಡೆಸಿದೆ. ಸುಳ್ಳು ಆಣೆ ಮಾಡಿ ಕಳಿಸಿದೆ. ಸುತ್ತಿನ ಲೆಕ್ಕ ಸವೆದ ಕಲ್ಲಿನದು. ನಿನ್ನ ಅಮ್ಮ ಅಜ್ಜಿ ಹೇಳಿದಂತೆಯೇ ತೇಯ್ದಿದ್ದಾಳೆ. ಇನ್ನೊಂದು ಮಾತು. ಕಲ್ಲು ಚೆನ್ನಾಗಿ ಹಿಡಿಯುತ್ತದೆ, ಜಾಯಿಕಾಯಿ ಗಂಧದಂತೆ ಬರುತ್ತದೆ ಎಂದು ಅವಳು ಬರೆದ ಕಾಗದ ನನಗೆ ಐದನೆಯ ತಾರೀಖು ಮುಟ್ಟಿತು. ಓದಿದ ಕೂಡಲೇ ಏನಾಗಬಹುದೆಂದು ತಿಳಿಯಿತು. ಫೋನು ಕೈಗೆ ತೆಗೆದುಕೊಂಡೆ. ಏನೆಂದು ಹೇಳಲಿ ಎಂದು ಕೆಳಗಿಟ್ಟೆ. ಆ ಹೊತ್ತಿಗೆ ಕೂಸು ಆಸ್ಪತ್ರೆಯಿಂದ ಪಾರಾಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಕೆಳಗಿಟ್ಟೆ. ನೀನು ಸಿಟ್ಟು ಮಾಡುವುದಾದರೆ ಇದಕ್ಕೆ ಮಾಡು. ಅಮ್ಮನ ಮೇಲೆ ಮಾಡಬೇಡ. ಡಾಕ್ಟರು ಹೇಳಿದ್ದು ಖರೆ, ಕೂಸಿಗೆ ಇನ್ನು ಏನೂ ಕೊಡಬೇಡ, ಯಾರ ಕೈಯಿಂದಲೂ."

ಇಷ್ಟು ಬರೆದಿದ್ದೇನೆ. ಲೇಪಕ್ಕೆ ಹೊಸ ಕಲ್ಲು ತಂದಿದ್ದೇನೆ. ಆಯಿಯ ಕೈಗುಣ ಅದರಲ್ಲಿ ಇಲ್ಲ, ಆದರೂ ಬನಹಟ್ಟಿಯವರು ಬರುವುದು ನಿಂತಿಲ್ಲ. ಲೇಪ ಮೊದಲಿನಷ್ಟೇ ಹಿಡಿಯುತ್ತದೆ ಅನ್ನುತ್ತಾರೆ. ಅದನ್ನು ಕೇಳಿದರೆ ಖುಷಿಯಾಗಬೇಕು, ಆಗುವುದಿಲ್ಲ.

ಶುಭದಾ


ಬೀಳಗಿ
೧೧ ಏಪ್ರಿಲ್ ೨೦೨೪

ಶುಭದಾಬಾಯಿಯವರಿಗೆ,

ಯುಗಾದಿಗೆ ಪೂರ್ವಾ ಬಂದಳು, ಕೂಸನ್ನು ಕರೆದುಕೊಂಡು. ಹೊಸ್ತಿಲಲ್ಲಿಯೇ ನನ್ನ ಕೈಗೆ ಕೊಟ್ಟಳು. "ತಪ್ಪಾತಮ್ಮಾ, ನಿನ್ನನ್ನ ಸಂಶೇ ಪಟ್ಟೆ" ಎಂದು ಅತ್ತಳು. ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಊಟ ಮಾಡಲಿಲ್ಲವಂತೆ. ಇನ್ನು ಶುಭದಾ ಮಾವಶಿಯ ಮನೆ ಹೊಸ್ತಿಲು ತುಳಿಯುವುದಿಲ್ಲ ಅಂದಳು. ನಾನು ಬೇಡ ಅನ್ನಲಿಲ್ಲ. ಯಾಕೆ ಅನ್ನಲಿ?

ಕೂಸು ಮೈಕೈ ತುಂಬಿಕೊಂಡಿದೆ. ನನ್ನ ಮುಖ ನೋಡಿ ನಗುತ್ತದೆ. ಓಣಿಯವರೆಲ್ಲ ಬಂದು, "ನಿಮ್ಮ ತಪ್ಪೇನಿದ್ದಿಲ್ಲ ಬಿಡ್ರಿ, ನಿಮ್ಮಕ್ಕ ಮಾಡಿದ್ದು" ಎಂದು ಹೇಳಿ ಹೋದರು. ಮಾಡಿದ್ದುಣ್ಣೋ ಮಾರಾಯ ಅನ್ನುವುದು ಸುಳ್ಳಲ್ಲ. ಆಯಿ ವಹಿ ಯಾರಿಗೆ ಕೊಡಬೇಕೆಂದು ತಿಳಿದೇ ಕೊಟ್ಟಳು.

ಕಲ್ಲು ಇಲ್ಲಿಯೇ ಬಿದ್ದಿದೆ. ಬೇಕಾದರೆ ಯಾರನ್ನಾದರೂ ಕಳಿಸಿ ಒಯ್ಯಿಸಿಕೋ. ಇದು ನನ್ನ ಕೊನೆಯ ಕಾಗದ.

ಕೇತಕಿ


ಜಮಖಂಡಿ
೧೬ ಏಪ್ರಿಲ್ ೨೦೨೪

ಕೇತಕಿಗೆ,

ಕೂಸು ನಗುತ್ತದೆ ಎಂದು ಬರೆದೆಯಲ್ಲ, ಆ ಒಂದು ಸಾಲಿಗೆ ಉತ್ತರ ಬರೆಯುತ್ತಿದ್ದೇನೆ. ಉಳಿದದ್ದಕ್ಕೆ ಬರೆಯುತ್ತಿರಲಿಲ್ಲ.

ಲಕ್ಷ್ಮವ್ವನ ಅಕ್ಕ ಬನಹಟ್ಟಿಯಿಂದ ನಿನಗೆ ಸುದ್ದಿ ಮುಟ್ಟಿಸಿದಳು. ಆ ದಾರಿಯಲ್ಲಿ ಸುದ್ದಿ ಒಂದೇ ಕಡೆ ನಡೆಯುತ್ತದೆ ಅಂದುಕೊಂಡೆಯಾ? ಮಾರ್ಚ್ ಹತ್ತಕ್ಕೆ ಅವಳು ಲೇಪ ಒಯ್ಯಲು ಬಂದಿದ್ದಳು. ನಾನು ಕೇಳದೆಯೇ ಹೇಳಿದಳು: "ನಿಮ್ಮ ತಂಗ್ಯಾರು ಎಲ್ಡನೇ ದಿನಾನೂ ಕೊಟ್ರಂತ್ರೀ. ಮಗಳು ಬ್ಯಾಡ ಅಂದಿದ್ಲು. ಮಗಳು ಬಚ್ಚಲಕ್ಕ ಹೋದ ಕೂಡ್ಲೇ ಕದ ಹಾಕ್ಕೊಂಡು ನೆಕ್ಕಿಸಿದ್ರಂತ. ನಮ್ಮ ಲಕ್ಷ್ಮಿಗೆ, ಯಾರ ಮುಂದೂ ಆಡಬ್ಯಾಡ ಅಂತ ಹೊಸಾ ಸೀರಿ ಉಡಿಸ್ಯಾರ."

ಅದಕ್ಕೂ ಮೊದಲೇ ನನಗೆ ಅನುಮಾನ ಬಂದಿತ್ತು. ಹಿಂದಿನ ದಿನ ಮುಂಜಾನೆ ಒಂದೇ ಸಲ ಕೊಟ್ಟದ್ದು ಮರುದಿನ ಮಧ್ಯಾಹ್ನ ಯಾಕೆ ಏರುತ್ತದೆ? ಸಾಲಿಯ ನಾಲ್ಕನೆಯ ಇಯತ್ತೆಯ ಹುಡುಗನೂ ಕೇಳುವ ಪ್ರಶ್ನೆ.

ಇದು ಗೊತ್ತಿದ್ದೇ ಪೂರ್ವಾಗೆ ಬರೆದೆ. ಗೊತ್ತಿದ್ದೇ ಅದನ್ನು ಬಿಟ್ಟೆ. ಬರೆಯಲು ಹದಿನೈದು ದಿನ ಹಿಡಿದದ್ದು ನಾಚಿಕೆಗೆ ಅಲ್ಲ, ಆ ಒಂದು ಸಾಲು ಸೇರಿಸಲೋ ಬೇಡವೋ ಎಂಬುದಕ್ಕೆ. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ನನಗೆ ಮೊಮ್ಮಕ್ಕಳಿಲ್ಲ, ಸಂಜಯ ಮದುವೆಯೇ ಬೇಡ ಅಂದು ಕೂತಿದ್ದಾನೆ. ನಿನ್ನ ತೊಡೆಯಾದರೂ ಖಾಲಿ ಇರಬಾರದು ಅನ್ನಿಸಿತು. ಅದನ್ನು ಪ್ರೀತಿ ಅನ್ನಬೇಡ. ನಿನ್ನ ಮೇಲೆ ನನಗೆ ಸಿಟ್ಟೇ ಇದೆ. ಆಯಿ ವಹಿ ನಿನಗೆ ಕೊಟ್ಟದ್ದು ಇವತ್ತಿಗೂ ಸುಡುತ್ತದೆ.

ಪೂರ್ವಾಗೆ ನಾನು ಹೇಳುವುದಿಲ್ಲ, ಯಾವತ್ತೂ. ನನ್ನ ಪಾಲಿನ ತಪ್ಪು ನಾನು ಹೊತ್ತಿದ್ದೇನೆ, ನಿನ್ನದನ್ನೂ ಹೊರುತ್ತೇನೆ, ಹೊರಲು ಬರುತ್ತದೆ ನನಗೆ. ನೀನು ಸುಖವಾಗಿರು. ಆದರೆ ಆ ಕೂಸು ನಿನ್ನ ತೊಡೆಯ ಮೇಲೆ ಕಣ್ಣು ಮುಚ್ಚಿದಾಗಲೆಲ್ಲ ನಾನು ನಿನಗೆ ನೆನಪಾಗುತ್ತೇನೆ.

ಶುಭದಾ


ಬೀಳಗಿ
೨ ಮೇ ೨೦೨೪

ಅಕ್ಕಾ,

ನಿನ್ನ ಕಾಗದ ಓದಿ ಹರಿದು ಒಲೆಗೆ ಹಾಕಿದೆ. ಹಾಕಿದರೆ ಏನಾಯಿತು, ಓದಿದ್ದು ಹೋಗುತ್ತದೆಯೇ?

ಎಂಟು ದಿನ ಕೂಸು ಮಲಗಿದಾಗಲೆಲ್ಲ ಮೂಗಿಗೆ ಬೆರಳು ಹಿಡಿದು ನೋಡಿದೆ. ಒಂಬತ್ತನೆಯ ದಿನ ಮಧ್ಯಾಹ್ನ ನನ್ನ ತೊಡೆಯ ಮೇಲೆ ಮಲಗಿತ್ತು. ಚೆನ್ನಾಗಿಯೇ ಮಲಗಿತ್ತು. ಅಲುಗಾಡಿಸಿ ಎಬ್ಬಿಸಿದೆ. ಅತ್ತು ಮತ್ತೆ ಮಲಗಿತು. ಮತ್ತೆ ಎಬ್ಬಿಸಿದೆ. ಯುಗಾದಿಗೆ ಬಂದು ಇಲ್ಲೇ ಉಳಿದಿದ್ದ ಪೂರ್ವಾ ಒಳಗಿನಿಂದ ಓಡಿ ಬಂದಳು. "ಅಮ್ಮಾ, ಮಲಗಿದ ಕೂಸನ್ನ ಯಾಕ ಎಬ್ಬಸ್ತಿ? ಹುಚ್ಚು ಹಿಡದದೇನು?" ಎಂದಳು.

ಹೇಳಿದೆ. ಬಚ್ಚಲಿನ ಮಾತು, ಕದ ಹಾಕಿಕೊಂಡ ಮಾತು, ಲಕ್ಷ್ಮವ್ವನ ಸೀರೆ, ಎಲ್ಲ ಹೇಳಿದೆ. ಅವಳು ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಕೂತಲ್ಲೇ ಕೂತಿದ್ದೆ. ದೀಪ ಹಚ್ಚುವ ಹೊತ್ತಿಗೆ ಹೊರಗೆ ಬಂದು ನನ್ನ ಹತ್ತಿರ ಕೂತಳು. ಕೂಸು ಅವಳ ತೊಡೆಯ ಮೇಲೆಯೇ ಇತ್ತು. ನಾನು ಕೈ ಚಾಚಿ ಅದರ ಪಾದ ಮುಟ್ಟಿದೆ. ಬೇಡ ಅನ್ನಲಿಲ್ಲ. ಈಗ ಅಷ್ಟೇ, ಪಾದದ ಮಟ್ಟಿಗೆ.

ಇದನ್ನೂ ನೀನೇ ಮಾಡಿದೆ. ಬರೆಯದೆ ಬಿಟ್ಟು ನನ್ನ ಬಾಯಿಂದ ಹೇಳಿಸಿದೆ. ನಿನ್ನಷ್ಟು ಕೆಟ್ಟ ಹೆಂಗಸು ಜಮಖಂಡಿಯಲ್ಲಿ ಇನ್ನೊಬ್ಬಳಿಲ್ಲ. ಅಳಿಸಿ ಹಾಕಿದ್ದ ನಿನ್ನ ನಂಬರನ್ನು ಪೂರ್ವಾ ಮತ್ತೆ ಕೇಳಿದ್ದಾಳೆ. ಕೊಟ್ಟಿದ್ದೇನೆ. ಎತ್ತು.

ಕಲ್ಲು ತುಳಸಿಕಟ್ಟೆಯ ಹತ್ತಿರ ಇದೆ. ಅಂದಾನೆಪ್ಪನನ್ನು ಕಳಿಸಬೇಡ, ಅವನ ಕೈಯಲ್ಲಿ ಕೊಡುವುದಿಲ್ಲ. ನೀನೇ ಬಂದು ಒಯ್ಯಿ. ವಹಿಯನ್ನೂ ಅದರ ಮೇಲೆಯೇ ಇಟ್ಟಿರುತ್ತೇನೆ. ಉಳಿ ಹೊಡೆದ ಕಲ್ಲಿಗೆ ಆ ಲೆಕ್ಕ ಈಗ ಯಾತಕ್ಕೂ ಬರುವುದಿಲ್ಲ, ಆಯಿಯ ಅಕ್ಷರ ನೋಡಿಕೊಂಡು ಕೂಡಲು ಬರುತ್ತದೆ.

ನಿನ್ನ ಜೊತೆ ಮಾತಾಡುವುದಿಲ್ಲ ಎಂಬ ಆಣೆ ಇದ್ದೇ ಇದೆ, ಮುರಿಯುವವಳಲ್ಲ ನಾನು. ಊಟಕ್ಕೆ ಬಡಿಸುವುದಿಲ್ಲ ಎಂದು ಆಣೆ ಮಾಡಿಲ್ಲ. ಮುಂಜಾನೆಯ ಬಸ್ಸಿಗೇ ಬಾ.

ಕೇತಕಿ